ಹಳೆಯ ಗಣಕಯಂತ್ರ: ಇಟ್ಟುಕೊಳ್ಳುವುದೇ, ಬದಲಿಸುವುದೇ?

ಮನೆಗೆ ಹೊಸ ವಸ್ತುವೊಂದನ್ನು ತರುವ ನಿರ್ಧಾರ ಸುಲಭ. ಹಳೆಯದನ್ನು ಎಂದು ಬಿಡಬೇಕೆಂಬ ನಿರ್ಧಾರವೇ ಕಠಿನ. ಮಡಕೆ ಒಡೆದರೆ ನೀರೇ ಹರಿದು ಸುದ್ದಿ ಮುಟ್ಟಿಸುತ್ತದೆ. ಕೊಡೆಯ ಕಡ್ಡಿ ಮುರಿದುದನ್ನು ಮೊದಲ ಮಳೆ ತಿಳಿಸುತ್ತದೆ. ಗಣಕಯಂತ್ರದ ಸ್ವಭಾವ ಹಾಗಲ್ಲ. ಅದು ಒಮ್ಮೆಗೇ ಪ್ರಾಣ ಬಿಡುವುದು ಅಪರೂಪ. ಗುಂಡಿಯೊತ್ತಿದ ಒಂದು ನಿಮಿಷದಲ್ಲಿ ಎಚ್ಚರಗೊಳ್ಳುತ್ತಿದ್ದುದು ಮೂರು ನಿಮಿಷ ತೆಗೆದುಕೊಳ್ಳತೊಡಗುತ್ತದೆ, ಮೂರು ಐದಾಗುತ್ತದೆ, ಕೊನೆಗೆ ಮನೆಯವರು ಗುಂಡಿಯೊತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದು ಕುಳಿತುಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ.

ಆಮೇಲೆ ಒಂದು ರಾತ್ರಿ ಊಟದ ಹೊತ್ತಿಗೆ ಸಭೆ ಸೇರುತ್ತದೆ. ಹೊಸದು ಬೇಕೇ ಬೇಕೆಂದು ಮಗ ವಾದಿಸುತ್ತಾನೆ. ಇನ್ನೊಂದು ವರ್ಷ ನೋಡುವ ಎಂದು ತಂದೆ ತೀರ್ಪು ಕೊಡುತ್ತಾರೆ. ಅದೇ ಹಣದಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಬದಲಿಸಬಹುದಿತ್ತಲ್ಲ ಎಂದು ತಾಯಿ ನೆನಪಿಸುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಮೂವರೂ ಕೇಳಿರುವುದಿಲ್ಲ: ಈ ಯಂತ್ರಕ್ಕೆ ಆಗಿರುವುದಾದರೂ ಏನು?

ಒಂದು ತಾರೀಖು ತಂದ ಗೊಂದಲ

ಈ ಸಮಸ್ಯೆ ಅಸಂಖ್ಯ ಮನೆಗಳಿಗೆ ಒಂದೇ ಕಾಲದಲ್ಲಿ ಎದುರಾದುದು ೨೦೨೫ರಲ್ಲಿ. ಗಣಕಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಗಳಲ್ಲಿ ಬಹು ಬಳಕೆಯದಾಗಿದ್ದ ವಿಂಡೋಸ್ ೧೦, ೨೦೧೫ರ ಜುಲೈ ೨೯ರಂದು ಹೊರಬಂದುದು. ಹತ್ತು ವರ್ಷಗಳ ತರುವಾಯ, ೨೦೨೫ರ ಅಕ್ಟೋಬರ್ ೧೪ರಂದು, ಅದರ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯವರು ಅದಕ್ಕೆ ನೀಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿದರು. ಹಿಂದೆಯೂ ಹೀಗೆ ಆಗಿತ್ತು: ವಿಂಡೋಸ್ ಎಕ್ಸ್‌ಪಿಯ ಕಾಲ ೨೦೧೪ರ ಏಪ್ರಿಲ್ ೮ಕ್ಕೂ, ವಿಂಡೋಸ್ ೭ರ ಕಾಲ ೨೦೨೦ರ ಜನವರಿ ೧೪ಕ್ಕೂ ಮುಗಿದಿತ್ತು.

ಆ ದಿನ ಯಾವ ಯಂತ್ರವೂ ಕಣ್ಣು ಮುಚ್ಚಲಿಲ್ಲ. ಮರುದಿನವೂ ಎಂದಿನಂತೆಯೇ ಕೆಲಸ ಮಾಡಿದವು. ಹಾಗಾದರೆ ನಿಂತುದು ಏನು? ಇಂಥ ವ್ಯವಸ್ಥೆಯಲ್ಲಿ ಆಗಾಗ ಹೊಸ ಹೊಸ ಬಿರುಕುಗಳು ಪತ್ತೆಯಾಗುತ್ತಿರುತ್ತವೆ. ತಯಾರಕರು ಅವುಗಳನ್ನು ಮುಚ್ಚುವ ತೇಪೆಗಳನ್ನು ತಿಂಗಳು ತಿಂಗಳೂ ಅಂತರಜಾಲದ ಮೂಲಕ ಕಳುಹಿಸುತ್ತಾರೆ. ನಿಂತುದು ಈ ತೇಪೆಯ ಕೆಲಸ. ಮನೆಯ ಬೀಗ ಹಳೆಯದಾಗಿಯೇ ಉಳಿಯಿತು. ಕಳ್ಳರ ಕೀಲಿಕೈ ಮಾತ್ರ ಹೊಸದಾಗುತ್ತ ಹೋಯಿತು. ಮನೆಬಳಕೆಯವರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ರಕ್ಷಣೆಯ ತೇಪೆಗಳನ್ನು ಮುಂದುವರಿಸಿಕೊಳ್ಳುವ ಒಂದು ವರ್ಷದ ಸಾವಕಾಶವನ್ನು ಸಂಸ್ಥೆಯವರು ಕೊಟ್ಟರು. ಆದರೆ ಸಾವಕಾಶವೆಂಬುದು ಯೋಚಿಸಲು ಸಿಕ್ಕಿದ ಸಮಯವೇ ಹೊರತು ಪರಿಹಾರವಲ್ಲ.

ಅದರ ಮುಂದಿನ ವ್ಯವಸ್ಥೆಯಾದ ವಿಂಡೋಸ್ ೧೧, ೨೦೨೧ರ ಅಕ್ಟೋಬರ್‌ನಲ್ಲಿ ಬಂದಿತು. ಅದಕ್ಕೆ ಕನಿಷ್ಠ ೪ ಜಿ.ಬಿ. ರ್ಯಾಮ್, ೬೪ ಜಿ.ಬಿ. ಸಂಗ್ರಹಸ್ಥಳ, ಟಿ.ಪಿ.ಎಂ. ೨.೦ ಎಂಬ ರಕ್ಷಣಾ ಬಿಲ್ಲೆ ಇವೆಲ್ಲ ಬೇಕು. ಅಷ್ಟೇ ಅಲ್ಲ, ಪ್ರೊಸೆಸರ್ ಕೂಡ ಅವರು ಒಪ್ಪಿದ ಪಟ್ಟಿಯಲ್ಲಿರಬೇಕು. ಇಂಟೆಲ್ ಪ್ರೊಸೆಸರುಗಳಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಮತ್ತು ಅನಂತರದವು ಮಾತ್ರ ಆ ಪಂಕ್ತಿಗೆ ಅರ್ಹ. ೨೦೧೮ಕ್ಕೆ ಮೊದಲು ಕೊಂಡ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಹೀಗೆ ಹೊರಗುಳಿದವು. ಅವು ದುರ್ಬಲವಾಗಿದ್ದವೆಂದಲ್ಲ; ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೆ.

ಆದಕಾರಣ ಗೃಹಸ್ಥನು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತೂಗಬೇಕು. ಯಂತ್ರ ಕೆಲಸಕ್ಕೆ ಸಾಲುತ್ತಿದೆಯೇ ಎಂಬುದು ಒಂದು. ಅದನ್ನು ಬಳಸುವುದು ಕ್ಷೇಮವೇ ಎಂಬುದು ಇನ್ನೊಂದು. ಇವೆರಡನ್ನೂ ಕಲಸಿಬಿಟ್ಟಾಗಲೇ ಹಣ ಪೋಲಾಗುವುದು.

ರೋಗ ಯಾವುದು?

ಗಣಕಯಂತ್ರವನ್ನು ಒಂದು ಕಚೇರಿಗೆ ಹೋಲಿಸಬಹುದು. ಪ್ರೊಸೆಸರ್ ಎಂಬುದು ಅಲ್ಲಿನ ಗುಮಾಸ್ತ. ರ್ಯಾಮ್ ಅವನ ಮೇಜಿನ ಹರವು. ಹಾರ್ಡ್ ಡಿಸ್ಕ್ ಅವನ ಹಿಂದಿರುವ ಕಪಾಟು. ಕಚೇರಿಯಲ್ಲಿ ಕೆಲಸ ಸಾಗದಿದ್ದರೆ ಎಲ್ಲರೂ ಗುಮಾಸ್ತನನ್ನೇ ಬೈಯುತ್ತಾರೆ. ವಾಸ್ತವವಾಗಿ ಅವನು ಬಹಳ ಸಲ ನಿರಪರಾಧಿ. ಮೇಜು ಕಿರಿದಾಗಿರುತ್ತದೆ, ಇಲ್ಲವೇ ಕಪಾಟಿನ ಬಾಗಿಲು ತೆರೆಯುವುದಕ್ಕೆ ಹೊತ್ತು ಹಿಡಿಯುತ್ತದೆ.

ಇದನ್ನು ಪರೀಕ್ಷಿಸಲು ಪಂಡಿತರು ಬೇಡ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಫಲಕ ತೆರೆದುಕೊಳ್ಳುತ್ತದೆ. ಯಂತ್ರ ಮಂದವಾದ ಹೊತ್ತಿನಲ್ಲಿ ಯಾವ ಅಂಕಣದ ಅಂಕಿ ನೂರರ ಬಳಿ ನಿಂತಿದೆಯೆಂದು ನೋಡಿದರೆ ಸಾಕು. ಡಿಸ್ಕಿನ ಅಂಕಿ ನೂರಾಗಿದ್ದು ಪ್ರೊಸೆಸರಿನದು ಹತ್ತು ಹದಿನೈದಾಗಿದ್ದರೆ, ಗುಮಾಸ್ತ ಕೈಕಟ್ಟಿ ಕುಳಿತು ಕಪಾಟಿನ ಕಡೆ ನೋಡುತ್ತಿದ್ದಾನೆಂದೇ ಅರ್ಥ.

ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತಿರುತ್ತದೆ. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ವೇಗದ ತಟ್ಟೆಯಲ್ಲಿಯೂ ಅದು ಸುಮಾರು ನಾಲ್ಕು ಮಿಲಿಸೆಕೆಂಡು. ಮುಳ್ಳು ಅತ್ತಿತ್ತ ಸರಿಯುವ ಕಾಲ ಬೇರೆ. ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಎಂಬ ಸಂಗ್ರಹಸಾಧನದಲ್ಲಿ ಈ ಕಾಯುವಿಕೆ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು. ಯಂತ್ರ ಎಚ್ಚರಗೊಳ್ಳುವಾಗ ಇಂಥ ಸಾವಿರಾರು ಚಿಕ್ಕ ಓದುಗಳು ನಡೆಯಬೇಕು. ತಟ್ಟೆಯನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿದವರು ‘ಯಂತ್ರಕ್ಕೆ ಯೌವನ ಮರಳಿತು’ ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಕಡಮೆ.

ಇನ್ನೂ ಚಿಕ್ಕ ರೋಗಗಳುಂಟು. ಪ್ರತಿದಿನವೂ ಗಡಿಯಾರ ಹಲವು ವರ್ಷ ಹಿಂದಿನ ತಾರೀಖನ್ನು ತೋರಿಸಿದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು. ಅದರ ಬೆಲೆ ಅತ್ಯಲ್ಪ. ಯಂತ್ರ ಬಿಸಿಯಾಗಿ ತಾನಾಗಿ ನಿಲ್ಲುತ್ತಿದ್ದರೆ ಬಹುಶಃ ಫ್ಯಾನಿನಲ್ಲಿ ಧೂಳು ತುಂಬಿದೆ. ಆದರೆ ಎರಡು ಲಕ್ಷಣಗಳನ್ನು ಮಾತ್ರ ಉದಾಸೀನ ಮಾಡಲಾಗದು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಅದು ಕಡೆಯ ಎಚ್ಚರಿಕೆ. ಬೇರೆಲ್ಲ ಬಿಟ್ಟು ಒಳಗಿರುವುದನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಆ ಕ್ಷಣವೇ ಅದನ್ನು ಬಳಸುವುದು ನಿಲ್ಲಬೇಕು. ಅದಕ್ಕೆ ಬೆಂಕಿ ಹೊತ್ತುವ ಭಯವಿದೆ.

ಮೂರು ಊರು, ಮೂರು ತೀರ್ಮಾನ

ಒಂದೇ ವಯಸ್ಸಿನ ಮೂರು ಯಂತ್ರಗಳಿಗೆ ಒಂದೇ ತೀರ್ಮಾನ ಹೊಂದುವುದಿಲ್ಲವೆಂಬುದು ದಕ್ಷಿಣ ಕನ್ನಡದ ಮೂರು ಊರುಗಳ ಮೂರು ಮನೆಗಳನ್ನು ಕಲ್ಪಿಸಿಕೊಂಡರೆ ಸ್ಪಷ್ಟವಾಗುತ್ತದೆ. ಮೂರೂ ಯಂತ್ರಗಳು ೨೦೧೬ರ ಸುಮಾರಿಗೆ ಕೊಂಡವು. ಮೂರರಲ್ಲಿಯೂ ವಿಂಡೋಸ್ ೧೦. ಮೂರೂ ವಿಂಡೋಸ್ ೧೧ರ ಪಟ್ಟಿಯಿಂದ ಹೊರಗೆ.

ಮೊದಲನೆಯದು ಬಂಟ್ವಾಳ ಪೇಟೆಯ ಅಡಿಕೆ ವ್ಯಾಪಾರಿಯೊಬ್ಬರದು. ಯಂತ್ರ ಸಾಕಷ್ಟು ಚುರುಕಾಗಿಯೇ ಇದೆ. ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ, ತಿಂಗಳು ತಿಂಗಳೂ ೨೦ನೆಯ ತಾರೀಖಿನೊಳಗೆ ಸಲ್ಲಿಸಬೇಕಾದ ಜಿ.ಎಸ್.ಟಿ. ವಿವರ, ಎಲ್ಲವೂ ಅದರಲ್ಲಿಯೇ. ‘ಓಡುವ ಕುದುರೆಯನ್ನು ಯಾಕೆ ಮಾರಬೇಕು?’ ಎಂಬುದು ಅವರ ವಾದ. ಆದರೆ ಬದಲಿಸಬೇಕಾದವರು ಮೂವರಲ್ಲಿ ಇವರೇ. ಅವರ ಯಂತ್ರದ ಮೂಲಕ ಹಾದುಹೋಗುವುದು ಅವರೊಬ್ಬರ ಹಣವಲ್ಲ. ಅಡಿಕೆ ಕೊಟ್ಟ ಬೆಳೆಗಾರರದೂ ಹೌದು. ತೇಪೆ ಬಾರದ ವ್ಯವಸ್ಥೆಯಲ್ಲಿ ಅಂಥ ವ್ಯವಹಾರ ನಡೆಸುವುದು ಬಾಗಿಲು ತೆರೆದಿಟ್ಟು ತಿಜೋರಿಗೆ ಬೀಗ ಹಾಕಿದಂತೆ. ಹೊಸದನ್ನು ಕೊಳ್ಳುವ ಸಮಯವನ್ನೂ ಅವರೇ ಆರಿಸಿಕೊಳ್ಳುವುದು ಲೇಸು. ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ವಾರದಲ್ಲಿ ಯಂತ್ರ ಕೈಕೊಟ್ಟರೆ ಅಂಗಡಿಯವನು ಹೇಳಿದ್ದೇ ಬೆಲೆ, ತೋರಿಸಿದ್ದೇ ಮಾಲು.

ನೇತ್ರಾವತಿಯ ದಡದ ಈ ಪೇಟೆಗೆ ಇನ್ನೊಂದು ಎಚ್ಚರವೂ ಅಗತ್ಯ. ೧೯೨೩ರ ಮಹಾಪೂರವನ್ನೂ ೧೯೭೪ರ ನೆರೆಯನ್ನೂ ಬಂಟ್ವಾಳ ಮರೆತಿಲ್ಲ. ಯಂತ್ರವೂ ಅದರ ನಕಲೂ ಒಂದೇ ಕೋಣೆಯ ಒಂದೇ ಮೇಜಿನ ಮೇಲಿದ್ದರೆ ನೀರು ಎರಡನ್ನೂ ಒಟ್ಟಿಗೆ ಒಯ್ಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿ ಎಂಬುದು ಈ ವಿಷಯದಲ್ಲಿ ಬಲ್ಲವರು ಜಗತ್ತಿನಾದ್ಯಂತ ಪಾಲಿಸುವ ನಿಯಮ.

ಎರಡನೆಯ ಯಂತ್ರ ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಾಟಿಯ ತಪ್ಪಲಿನ ಒಂದು ತೋಟದ ಮನೆಯದು. ತೋಟದ ಖರ್ಚುವೆಚ್ಚ ಬರೆದಿಡುವುದು, ಪಹಣಿ ನೋಡುವುದು, ಹತ್ತನೆಯ ತರಗತಿಯ ಮಗಳ ಪಾಠ, ಭಾನುವಾರ ಬೆಂಗಳೂರಿನ ಮಗನೊಡನೆ ಮುಖ ನೋಡಿ ಮಾತಾಡುವುದು: ಇಷ್ಟೇ ಅದರ ಕೆಲಸ. ಯಂತ್ರ ವಿಪರೀತ ನಿಧಾನ. ಎಲ್ಲರೂ ಅದರ ಆಸೆ ಬಿಟ್ಟಿದ್ದಾರೆ. ವಿಚಿತ್ರವೆಂದರೆ ಉಳಿಸಿಕೊಳ್ಳಲು ಯೋಗ್ಯವಾದುದು ಇದೇ. ಡಿಸ್ಕಿನ ಅಂಕಿ ನೂರು. ಉಳಿದ ಅಂಗಗಳು ಆರೋಗ್ಯವಾಗಿವೆ. ಎಸ್.ಎಸ್.ಡಿ. ಹಾಕಿಸಿ, ೪ ಜಿ.ಬಿ. ರ್ಯಾಮ್ ಅನ್ನು ೮ ಮಾಡಿದರೆ ಕೆಲವು ವರ್ಷ ನಿಶ್ಚಿಂತೆ. ಕ್ಷೇಮದ ಪ್ರಶ್ನೆಗೂ ಉತ್ತರವುಂಟು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಮುಕ್ತ ವ್ಯವಸ್ಥೆಗಳು ಹಣವಿಲ್ಲದೆ ದೊರೆಯುತ್ತವೆ, ಹಳೆಯ ಯಂತ್ರಗಳಲ್ಲೂ ಓಡುತ್ತವೆ, ಅವಕ್ಕೆ ತೇಪೆಗಳೂ ಬರುತ್ತವೆ. ಲೆಕ್ಕಪತ್ರದ ವಿಶೇಷ ತಂತ್ರಾಂಶಗಳನ್ನು ನೆಚ್ಚಿದ ಬಂಟ್ವಾಳದ ವ್ಯಾಪಾರಿಗೆ ಇದು ಒಗ್ಗದಿರಬಹುದು. ಈ ಮನೆಗೆ ಅಂಥ ಅಡ್ಡಿಯಿಲ್ಲ.

ಆದರೆ ಇಲ್ಲಿ ಯಂತ್ರದ ನಿಜವಾದ ವೈರಿ ವಯಸ್ಸಲ್ಲ, ಹವೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಗೋಡೆ ಬೆವರುತ್ತದೆ, ಪುಸ್ತಕ ಬೂಷ್ಟು ಹಿಡಿಯುತ್ತದೆ. ಯಂತ್ರದೊಳಗಿನ ಧೂಳು ನೀರು ಹೀರಿ ಲೋಹದ ಗೆರೆಗಳನ್ನು ತಿನ್ನತೊಡಗುತ್ತದೆ. ಆಟಿಯ ತಿಂಗಳಲ್ಲಿ ವಾರಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತು ನಡೆದ ಯಂತ್ರವೇ ಹೆಚ್ಚು ಸುರಕ್ಷಿತ. ತನ್ನ ಬಿಸಿಯಿಂದ ತಾನೇ ಒಣಗಿಕೊಳ್ಳುತ್ತದೆ. ಮಳೆಗಾಲದ ಮುಂಚಿನ ಹಾಗೂ ಅಕ್ಟೋಬರಿನ ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೇ ಕೀಳಬೇಕು, ಅಂತರಜಾಲದ ತಂತಿಯನ್ನೂ ಬಿಡಿಸಬೇಕು. ಸಿಡಿಲು ಯಾವ ತಂತಿಯಿಂದ ಒಳಗೆ ಬಂದೀತೆಂದು ಹೇಳಲಾಗದು. ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುವ ಹಳ್ಳಿಯಲ್ಲಿ ಹೊಸ ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದುದು ಒಳ್ಳೆಯ ಯು.ಪಿ.ಎಸ್. ಅದಿಲ್ಲದ ಮನೆಗೆ ಎಷ್ಟು ಹೊಸ ಯಂತ್ರ ತಂದರೂ ಅದು ಬೇಗನೆ ಹಳೆಯದಾಗುತ್ತದೆ. ೨೦೧೯ರ ಆಗಸ್ಟ್‌ನಲ್ಲಿ ಘಾಟಿಯ ನೀರು ಈ ತಾಲೂಕಿನ ಹಳ್ಳಿಗಳಿಗೆ ನುಗ್ಗಿದ್ದನ್ನು ನೆನೆದರೆ, ಬೇರೆಡೆ ಇಟ್ಟ ಪ್ರತಿಯ ಮಾತು ಇಲ್ಲಿಗೂ ಸಲ್ಲುತ್ತದೆ.

ಓಲೆ ಮತ್ತು ಬರಹ

ಮೂರನೆಯದು ಮೂಡಬಿದಿರೆಯ ನಿವೃತ್ತ ಉಪಾಧ್ಯಾಯರೊಬ್ಬರ ಯಂತ್ರ. ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದೆ, ಪರದೆ ಮಸುಕಾಗಿದೆ, ರಿಪೇರಿಯ ಅಂದಾಜು ಹೊಸದರ ಬೆಲೆಯ ಅರ್ಧವನ್ನು ದಾಟಿದೆ. ಮೂಗಿಗಿಂತ ಮೂಗುತಿ ಭಾರವಾದ ಸ್ಥಿತಿ. ಇಲ್ಲಿ ತೀರ್ಮಾನ ಸುಲಭವೆಂದು ಮಗಳಿಗೆ ತೋರುತ್ತದೆ.

“ಅಪ್ಪಾ, ಇದಕ್ಕೆ ಇನ್ನು ಹಣ ಸುರಿಯುವುದು ಬೇಡ. ನೀವು ಹೂಂ ಎನ್ನಿ, ಹೊಸದು ತರುವ.”

“ಯಂತ್ರ ಹೋದರೆ ಹೋಗಲಿ ಮಗೂ. ಇಪ್ಪತ್ತು ವರ್ಷ ಬರೆದಿಟ್ಟದ್ದು ಇದರಲ್ಲಿ ಉಂಟಲ್ಲ, ಅದನ್ನು ಹೊಸದು ಓದೀತೇ?”

ಮೂರು ಮನೆಗಳಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಇದೇ ಹಿರಿದು. ಇದನ್ನು ಕೇಳಲು ಮೂಡಬಿದಿರೆಗಿಂತ ತಕ್ಕ ಊರಿಲ್ಲ. ಅಲ್ಲಿನ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಅದಕ್ಕೆ ಕಾರಣ ಅಲ್ಲಿ ಉಳಿದು ಬಂದ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು. ಭಾಷೆ ಬಹುಮಟ್ಟಿಗೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಶತಮಾನಗಳ ಕಾಲ ಅವು ದರ್ಶನಕ್ಕೆ ಮಾತ್ರ ಮೀಸಲಾಗಿದ್ದವು. ಓಲೆಯ ಅಂಚು ಕಾಲಕ್ರಮದಲ್ಲಿ ಸವೆಯುತ್ತಿತ್ತು, ಲಿಪಿಯನ್ನು ಓದಬಲ್ಲವರು ವಿರಳರಾಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಎತ್ತುವ ಕಾರ್ಯ ಆರಂಭವಾಗಿ ವರ್ಷಾನುಗಟ್ಟಲೆ ನಡೆಯಿತು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾದುದು ೧೯೩೯ರಲ್ಲಿ. ಓಲೆ ಗಟ್ಟಿಯಾಗಿದ್ದುದರಿಂದಷ್ಟೇ ಆ ಗ್ರಂಥ ಜಗತ್ತಿಗೆ ದಕ್ಕಲಿಲ್ಲ. ಲಿಪಿಯನ್ನು ಬಲ್ಲವರು ಇನ್ನೂ ಇರುವಾಗಲೇ ಪ್ರತಿ ಎತ್ತಿದ್ದರಿಂದ ದಕ್ಕಿತು.

ಉಪಾಧ್ಯಾಯರ ಬರಹಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡದ ಬೆರಳಚ್ಚಿಗೆ ಹಳೆಯ ಇತಿಹಾಸವಿದೆ. ದಕ್ಷಿಣ ಕನ್ನಡದವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾಯರು, ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬಳಕೆಗೆ ಬಂದಿತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಆದರೆ ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳಲ್ಲಿ ಅಕ್ಷರಗಳನ್ನು ಅಡಗಿಸಿಡುವ ರೀತಿ ಬೇರೆ ಬೇರೆಯಾಗಿತ್ತು. ಅಂಥ ಕಡತವನ್ನು, ಅದರ ಅಕ್ಷರಶೈಲಿ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಬರಹ ಅಲ್ಲೇ ಇದೆ, ಓದುವವನಿಲ್ಲ. ಹಳಗನ್ನಡ ಲಿಪಿಯ ಓಲೆಗೆ ಬಂದ ಗತಿ ಇಪ್ಪತ್ತೇ ವರ್ಷಗಳಲ್ಲಿ ಇದಕ್ಕೂ ಬರುತ್ತದೆ.

ಆದ್ದರಿಂದ ಈ ಮನೆಯವರು ಯಂತ್ರವನ್ನು ಬದಲಿಸಬೇಕು. ಆದರೆ ಹಳೆಯದು ಇನ್ನೂ ಉಸಿರಾಡುತ್ತಿರುವಾಗಲೇ. ಮೊದಲು ಎಲ್ಲ ಕಡತಗಳನ್ನೂ ಎರಡು ಕಡೆ ನಕಲು ಮಾಡಬೇಕು. ಅಕ್ಷರಶೈಲಿಗಳನ್ನೂ ಜತೆಗೆ ಎತ್ತಿಡಬೇಕು. ಬಳಿಕ ಪರಿವರ್ತಕಗಳ ನೆರವಿನಿಂದ ಬರಹವನ್ನು ಯೂನಿಕೋಡಿಗೆ ತಂದು, ಹೊಸ ಯಂತ್ರದಲ್ಲಿ ತೆರೆದು, ಕಣ್ಣಾರೆ ಓದಿ ನೋಡಬೇಕು. ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಲವೊಮ್ಮೆ ಕೆಡುತ್ತವೆ. ಬರೆದವರು ಇರುವಾಗಲೇ ತಿದ್ದಿದರೆ ಸರಿ. ಹಳೆಯ ಯಂತ್ರಕ್ಕೆ ಬಿಡುಗಡೆ ಅದರ ಅನಂತರವೇ.

ಕಾಯುವುದು ಎಷ್ಟು ದಿನ?

‘ಇನ್ನು ಆರು ತಿಂಗಳು ಕಾದರೆ ಇದಕ್ಕಿಂತ ಒಳ್ಳೆಯದು ಅಗ್ಗಕ್ಕೆ ಬರುತ್ತದೆ’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದರ ಬೇರು ೧೯೬೫ರಷ್ಟು ಹಿಂದಿನದು. ಆ ವರ್ಷ ಗಾರ್ಡನ್ ಮೂರ್ ಎಂಬ ವಿಜ್ಞಾನಿ, ಒಂದು ಬಿಲ್ಲೆಯ ಮೇಲೆ ಕೂಡಿಸಬಹುದಾದ ಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆಂದು ಅಂದಾಜು ಮಾಡಿದರು. ೧೯೭೫ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಬಹುಕಾಲ ಆ ಮಾತು ನಡೆಯಿತು. ಆದರೆ ಬೆಲೆ ಸದಾ ಇಳಿಯುತ್ತಲೇ ಹೋಗುತ್ತದೆಂಬ ಭರವಸೆಯಿಲ್ಲ. ೨೦೨೫ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳ ಬೇಡಿಕೆಯಿಂದಾಗಿ ಜಗತ್ತಿನಾದ್ಯಂತ ರ್ಯಾಮಿನ ಬೆಲೆ ಏರಿತು. ಅಗತ್ಯವಿಲ್ಲದವನು ಎಷ್ಟು ಕಾದರೂ ನಷ್ಟವಿಲ್ಲ. ಅಗತ್ಯವಿರುವವನು ಅಗ್ಗಕ್ಕಾಗಿ ಕಾಯುವುದರಲ್ಲಿ ಲಾಭವಿಲ್ಲ.

ಹಳೆಯದನ್ನು ಮನೆಯಿಂದ ಕಳುಹಿಸುವ ಕ್ರಮವೂ ಮುಖ್ಯ. ಕಡತವನ್ನು ಅಳಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಬಲ್ಲವರು ಮರಳಿ ತೆಗೆಯಬಹುದು. ಬ್ಯಾಂಕಿನ ಕಾಗದ, ಆಧಾರ್ ಪ್ರತಿ ಇವೆಲ್ಲ ಇದ್ದ ಡಿಸ್ಕನ್ನು ಪೂರ್ತಿಯಾಗಿ ಒರೆಸಿಸಿ, ಇಲ್ಲವೇ ಕಳಚಿ ಮನೆಯಲ್ಲೇ ಇಟ್ಟುಕೊಂಡು, ಉಳಿದುದನ್ನು ಕೊಡಬೇಕು. ತೋಟದ ಮೂಲೆಯಲ್ಲಿ ಹೂಳುವುದು, ಒಣ ಸೋಗೆಯೊಡನೆ ಸುಡುವುದು ನೆಲಕ್ಕೂ ನೀರಿಗೂ ವಿಷ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥವನ್ನು ವಿಲೇವಾರಿ ಮಾಡಿಸುವ ಹೊಣೆ ತಯಾರಕರ ಮೇಲಿದೆ; ನೋಂದಾಯಿತ ಸಂಸ್ಥೆಗಳಿಗೆ ಒಪ್ಪಿಸುವುದು ಸರಿಯಾದ ಮಾರ್ಗ.

ಕಡೆಗೆ ನಿರ್ಣಯದ ಕ್ರಮ ಇಷ್ಟು: ಮೊದಲು ನಕಲು, ಆಮೇಲೆ ರೋಗಪರೀಕ್ಷೆ, ಅನಂತರ ಕ್ಷೇಮದ ವಿಚಾರ, ಅದಾದ ಮೇಲೆ ಬೆಲೆಯ ಲೆಕ್ಕ. ರಿಪೇರಿಯ ಖರ್ಚು ಹೊಸದರ ಅರ್ಧಕ್ಕಿಂತ ಕಡಮೆಯಿದ್ದು, ತೇಪೆ ಬರುವ ವ್ಯವಸ್ಥೆಯೊಂದು ಅದರಲ್ಲಿ ನಡೆಯುವುದಾದರೆ ಇಟ್ಟುಕೊಳ್ಳಬಹುದು. ಇವೆರಡರಲ್ಲಿ ಒಂದು ತಪ್ಪಿದರೂ ಬದಲಿಸುವುದೇ ಮೇಲು. ಯಂತ್ರವನ್ನು ಅಂಗಡಿ ಮತ್ತೆ ಕೊಟ್ಟೀತು. ಅದರೊಳಗಿನ ಮದುವೆಯ ಚಿತ್ರ, ಜಮೀನಿನ ಪತ್ರ, ತಂದೆಯ ಬರಹಗಳನ್ನು ಯಾವ ಅಂಗಡಿಯೂ ಕೊಡಲಾರದು. ನಕಲು ಮಾಡುವ ಒಂದು ಮಧ್ಯಾಹ್ನದ ಶ್ರಮವನ್ನು ಇಂದೇ ಮುಗಿಸಿಟ್ಟ ಗೃಹಸ್ಥನು, ಬದಲಿಸುವ ದಿನ ಎಂದು ಬಂದರೂ ನೆಮ್ಮದಿಯಿಂದ ನಿರ್ಧರಿಸಬಲ್ಲನು.